ಕಟ್ಟೆ ಕುಟ್ಟಿದ ಮನುಷ್ಯ

ನನ್ನ ಗಂಡ ಇಪ್ಪತ್ತಾರು ವರ್ಷ ನೆಲ ಕುಟ್ಟಿದರು. ಅದೇ ಅವರ ಕೆಲಸ. ರಾಕೆಟ್ ಹಾರಿದ ಮೇಲೆ ಅದು ನಿಂತಿದ್ದ ಕಾಂಕ್ರೀಟು ನೆಲದ ಮೇಲೆ ಕಬ್ಬಿಣದ ಸರಳು ಹಿಡಿದು ಟಕ್ ಟಕ್ ಎಂದು ಕುಟ್ಟುತ್ತಾ ನಡೆಯುವುದು. ಆ ನೆಲಕ್ಕೆ ನಾವೆಲ್ಲ ಕಟ್ಟೆ ಎನ್ನುತ್ತಿದ್ದೆವು. ಅವರು ತೀರಿಕೊಂಡಾಗ ಕಚೇರಿಯ ಸುದ್ದಿಹಾಳೆಯಲ್ಲಿ ಮೂರು ಸಾಲು ಬಂತು. 'ಹಿರಿಯ ಸಹಾಯಕ ಸಿಬ್ಬಂದಿ' ಎಂದು ಬರೆದಿದ್ದರು. ಅದೇ ಪುಟದಲ್ಲಿ ಹೊಸ ಕಾಫಿ ಯಂತ್ರದ ಬಗ್ಗೆ ಹನ್ನೊಂದು ಸಾಲು ಇತ್ತು. ಯಂತ್ರಕ್ಕೆ ಫೋಟೊ ಕೂಡ ಹಾಕಿದ್ದರು.

ಆ ಮೂರು ಸಾಲಿನಲ್ಲಿ ಹಿಡಿಯದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಅವರು ಗಾರೆ ಕೆಲಸದವರು. ನೆಲಕ್ಕೆ ಕಲ್ಲು ಕೂರಿಸುವವರು ಕಲ್ಲನ್ನು ತಟ್ಟಿ ನೋಡುತ್ತಾರೆ. ಅಡಿಯಲ್ಲಿ ಗಾರೆ ಕೂತಿದ್ದರೆ ಶಬ್ದ ಗಟ್ಟಿ, ಇಲ್ಲದಿದ್ದರೆ ಟೊಳ್ಳು. ಆ ಕಿವಿಯನ್ನು ನೋಡಿಯೇ ಅವರನ್ನು ಕಟ್ಟೆಗೆ ಕರೆದುಕೊಂಡರು. ರಾಕೆಟ್ಟಿನ ಬೆಂಕಿ ನಾಲ್ಕು ಉಸಿರಿನಷ್ಟು ಹೊತ್ತು ಇರುತ್ತದೆ. ಅಷ್ಟರಲ್ಲೇ ಕಾಂಕ್ರೀಟು ಬೆಂದು ಒಳಗೊಳಗೇ ಪದರ ಬಿಡುತ್ತದೆ, ಸುಟ್ಟ ಚರ್ಮದಲ್ಲಿ ಬೊಕ್ಕೆ ಎದ್ದ ಹಾಗೆ. ಮೇಲಿನಿಂದ ನೋಡಿದರೆ ಬಂಡೆ. ಮುಂದಿನ ಬೆಂಕಿ ಬಿದ್ದಾಗ ಆ ಪದರ ಹಪ್ಪಳದ ಹಾಗೆ ಎದ್ದು ಹಾರುತ್ತದೆ. ಹಪ್ಪಳ ಎಂದೆ, ತೂಕ ಮಾತ್ರ ಎರಡು ಕ್ವಿಂಟಾಲು.

ಹಾಗಾಗಿ ಕಟ್ಟೆ ತಣ್ಣಗಾದ ಕೂಡಲೇ ಇವರು ಇಳಿಯುತ್ತಿದ್ದರು. ಆ ಗೋಡೆಯಿಂದ ಈ ಗೋಡೆಗೆ, ಹೊಲ ಉತ್ತ ಹಾಗೆ ಸಾಲು ಸಾಲಾಗಿ ನಡೆಯುವುದು, ಗೇಣಿಗೊಂದು ಪೆಟ್ಟು. ಟೊಳ್ಳು ಸಿಕ್ಕಿದ ಕಡೆ ಸೀಮೆಸುಣ್ಣದಲ್ಲಿ ಒಂದು ಸುತ್ತು. ತೀರಾ ಕೆಟ್ಟಿದ್ದರೆ ಎರಡು ಸುತ್ತು, ಎಂದರೆ ತಡಮಾಡದೆ ಒಡೆಯಬೇಕು. ಅವರ ಸುತ್ತು ಎಂದೂ ಪೂರ್ತಿ ಸೇರುತ್ತಿರಲಿಲ್ಲ, ಕಿವಿಯ ರಿಂಗಿನ ಹಾಗೆ ಒಂದು ಕಡೆ ಸಂದು ಉಳಿಯುತ್ತಿತ್ತು. ಅವರ ಹಿಂದೆ ತೇಪೆ ಹಾಕುವವರು ಬಂದು ಗುರುತು ನೋಡಿ ಒಡೆದು ತುಂಬುತ್ತಿದ್ದರು. ಅದು ಒಣಗಿದ ಮೇಲೆ ತೊಳೆಯುವವರು. ತೊಳೆಯುವ ಗುಂಪಿನಲ್ಲಿ ನಾನಿದ್ದೆ. ದಪ್ಪ ಪೈಪಿನ ಬಾಯಿ ಹಿಡಿಯುವುದು ನನ್ನ ಕೆಲಸ. ಕುಟ್ಟು, ಒಡೆ, ತುಂಬು, ತೊಳೆ. ಅಡುಗೆ ಮಾಡಿದ ಮೇಲೆ ಪಾತ್ರೆ ತೊಳೆಯುವಷ್ಟು ಸಹಜವಾದ ಕ್ರಮ. ಯಾರೂ ಅದನ್ನು ಬರೆದಿಟ್ಟಿರಲಿಲ್ಲ. ಬರೆಯಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಕಟ್ಟೆಯಲ್ಲಿ ಅವರಿಗೆ ಟಕಟಕ ಎಂದು ಹೆಸರು ಬಿದ್ದಿತ್ತು. ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ಗೋಡೆ ಕುಟ್ಟುವರು, ಬಾಗಿಲು ಕುಟ್ಟುವರು. ನೀರಿನ ಡ್ರಮ್ಮು ಕುಟ್ಟಿ ಎಷ್ಟು ನೀರಿದೆ ಎಂದು ಹೇಳುವರು. ಮುಚ್ಚಳ ತೆಗೆದು ನೋಡಿದರೆ ಆಯಿತಲ್ಲ ಎಂದರೆ, ಕಣ್ಣು ನೆಚ್ಚಬೇಡ ಕಣೇ ಎನ್ನುವರು. ನನ್ನ ತಂಗಿಯ ಗಂಡ ಹೊಸ ಮನೆ ಕಟ್ಟಿಸಿದಾಗ ಇವರು ಮನೆ ನೋಡಲು ಹೋಗಿ, ಇಡೀ ನಡುಮನೆ ಕುಟ್ಟಿ, ಹನ್ನೊಂದು ಕಲ್ಲು ಟೊಳ್ಳು ಎಂದು ಎಲ್ಲರ ಎದುರಿಗೇ ಹೇಳಿಬಿಟ್ಟರು. ಅವನು ಒಂದು ವರ್ಷ ಮಾತು ಬಿಟ್ಟ. ಎರಡನೇ ಬೇಸಿಗೆಗೆ ಹನ್ನೊಂದೂ ಎದ್ದವು, ಮಾತೂ ಶುರುವಾಯಿತು. ಆಮೇಲೆ ಊಟಕ್ಕೆ ಕರೆಯುವಾಗಲೆಲ್ಲ ನನ್ನ ತಂಗಿ ಒಂದೇ ಮಾತು ಸೇರಿಸುತ್ತಿದ್ದಳು.

"ಅಕ್ಕ, ಭಾವನ ಕೈ ಕಟ್ಟಿ ಕರ್ಕೊಂಡು ಬಾ."

ಮೊದಲು ವರ್ಷಕ್ಕೆ ನಾಲ್ಕು ರಾಕೆಟ್ ಹಾರುತ್ತಿದ್ದವು. ಆಮೇಲೆ ತಿಂಗಳಿಗೊಂದು. ಆಮೇಲೆ ಇನ್ನೆರಡು ಕಟ್ಟೆ ಕಟ್ಟಿ ಎಂಟು ದಿನಕ್ಕೊಂದು ಎಂದರು. ಅದನ್ನು ನಡೆಸಲು ವೇಳಾಪಟ್ಟಿಯ ಅಧಿಕಾರಿ ಎಂದು ಒಬ್ಬರು ಬಂದರು. ನಾವು ಗಡಿಯಾರ ಸಾಹೇಬರು ಎಂದು ಕರೆದೆವು. ಅವರ ಕೈಗಡಿಯಾರ ಯಾವಾಗಲೂ ಐದು ನಿಮಿಷ ಹಿಂದೆ ಓಡುತ್ತಿತ್ತು ಎಂಬುದು ಬೇರೆ ಮಾತು.

ಮೊದಲ ಸಭೆಯಲ್ಲೇ, ಇನ್ನು ಮೇಲೆ ರಾಕೆಟ್ ಎಂದರೆ ಬಸ್ಸು, ಇದು ಬಸ್ ನಿಲ್ದಾಣ ಎಂದು ತಿಳಿಯಿರಿ, ಒಂದು ಹೋದರೆ ಇನ್ನೊಂದು ಬಂದು ನಿಲ್ಲಬೇಕು ಎಂದರು. ಬಸ್ಸು ಹೊರಟಾಗ ನಿಲ್ದಾಣ ಸುಟ್ಟುಹೋಗುವುದಿಲ್ಲ ಎಂದು ಹೇಳುವವರು ಆ ಕೋಣೆಯಲ್ಲಿ ಇರಲಿಲ್ಲ. ಇದ್ದವರು ಟಿಪ್ಪಣಿ ಬರೆದುಕೊಂಡರು.

ಸಾಹೇಬರು ಕಟ್ಟೆಗೆ ಇಳಿದದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಎರಡು ಸಲವೂ ಬೂಟಿಗೆ ಮಸಿ ಆಯಿತು ಎಂದು ಬೇಗ ಮರಳಿದರು. ಕೆಲಸವೆಲ್ಲ ಗೋಡೆಯ ಮೇಲಿನ ಪಟ್ಟಿಯಲ್ಲಿ. ಕುಟ್ಟುವುದಕ್ಕೆ ಹಸಿರು ಚೌಕ, ತೇಪೆಗೆ ಹಳದಿ, ತೊಳೆಯುವುದಕ್ಕೆ ನೀಲಿ. ಚೌಕಗಳನ್ನು ಆ ಕಡೆ ಈ ಕಡೆ ಸರಿಸಿ ಹೊತ್ತು ಉಳಿಸುವುದು. ತೇಪೆಯವರು ಮೂರನೇ ಕಟ್ಟೆಯಲ್ಲಿದ್ದಾಗ ಮೊದಲನೇ ಕಟ್ಟೆ ಅರ್ಧ ದಿನ ಖಾಲಿ ಬಿದ್ದಿರುತ್ತದೆ ಎಂದು ಅವರಿಗೆ ಕಂಡಿತು. ನೀಲಿಯನ್ನು ಎತ್ತಿ ಹಳದಿಯ ಮುಂದೆ ಇಟ್ಟರು. ಅರ್ಧ ದಿನ ಉಳಿಯಿತು. ಅವರಿಗೆ ಚಪ್ಪಾಳೆಯೂ ಆಯಿತಂತೆ.

ಸೀಮೆಸುಣ್ಣಕ್ಕೆ ಆ ಪಟ್ಟಿಯಲ್ಲಿ ಚೌಕ ಇರಲಿಲ್ಲ.

ಹೊಸ ಪಟ್ಟಿಯ ಮೊದಲ ದಿನ ಬೆಳಿಗ್ಗೆ ನಾವು ಪೈಪು ಎಳೆದುಕೊಂಡು ಕಟ್ಟೆಗೆ ಹೋದಾಗ ಗುರುತುಗಳು ಹಾಗೇ ಇದ್ದವು. ಏಳು ಸುತ್ತು. ಬೆಂಕಿ ಹೊರಹೋಗುವ ಕಾಲುವೆಯ ಅಂಚಿನಲ್ಲಿದ್ದ ಒಂದಕ್ಕೆ ಎರಡು ಸುತ್ತು. ಸಂದು ಬಿಟ್ಟ ಸುತ್ತುಗಳು, ನನ್ನ ಗಂಡನ ಕೈ. ಇನ್ನೂ ಒಡೆದಿಲ್ಲವಲ್ಲ, ಹೇಗೆ ತೊಳೆಯುವುದು ಎಂದು ನಮ್ಮ ಮೇಸ್ತ್ರಿಯನ್ನು ಕೇಳಿದೆ. ಅವನು ಫೋನ್ ಮಾಡಿದ. ಆ ಕಡೆಯಿಂದ ಏನು ಹೇಳಿದರೋ, ಫೋನ್ ಜೇಬಿಗೆ ಹಾಕಿ ನನ್ನ ಮುಖ ನೋಡದೆ ಹೇಳಿದ.

"ಪಟ್ಟೀಲಿ ತೊಳೀರಿ ಅಂತಿದೆ. ತೊಳೀರಿ."

ತೊಳೆದೆ. ಎಲ್ಲೆಲ್ಲಿ ಟೊಳ್ಳು ಎಂದು ಯಾವುದೋ ಕಾಗದದಲ್ಲಿ ಇದ್ದೇ ಇರುತ್ತದೆ ಎಂದುಕೊಂಡೆ. ಇಷ್ಟು ದೊಡ್ಡ ಕಚೇರಿ, ಇಷ್ಟು ಕಾಗದ. ಆದರೆ ಕಾಗದದಲ್ಲಿ ಇದ್ದದ್ದು 'ನಡೆದಿದೆ' ಎಂಬ ಒಂದೇ ಒಂದು ಮಾತು, ಮುಂದೆ ಅವರ ಸಹಿ. ಇಪ್ಪತ್ತಾರು ವರ್ಷ ನೆಲವೇ ಅವರ ಕಾಗದವಾಗಿತ್ತು. ಸೀಮೆಸುಣ್ಣ ಹಾಲಿನ ಹಾಗೆ ಹರಿದು ಕಾಲುವೆಗೆ ಹೋಯಿತು. ಎರಡು ಸುತ್ತಿನದನ್ನು ಕೊನೆಗೆ ತೊಳೆದೆ.

ಅವರು ಆಗ ಮೂರನೇ ಕಟ್ಟೆಯಲ್ಲಿ. ಮೂರು ಕಟ್ಟೆಗೂ ಒಬ್ಬರೇ ಕುಟ್ಟುವವರು ಎಂದು ಪಟ್ಟಿ ಹೇಳಿದ್ದರಿಂದ ಎರಡು ದಿನ ಅಲ್ಲಿನ ಷೆಡ್ಡಿನಲ್ಲೇ ಉಳಿದಿದ್ದರು. ಮಾರನೇ ದಿನ ತೇಪೆಯವರು ಮೊದಲನೇ ಕಟ್ಟೆಗೆ ಬಂದರು. ತೊಳೆದ ತಟ್ಟೆಯ ಹಾಗಿದ್ದ ನೆಲ ನೋಡಿ, ಒಡೆಯುವಂಥದ್ದು ಏನೂ ಇಲ್ಲ ಎಂದು ಬರೆದು ಹೋದರು. ಮೂರನೇ ದಿನ ಮಧ್ಯಾಹ್ನ ರಾಕೆಟ್ ಹೊತ್ತಿಸಿದರು. ಕಾಲುವೆಯ ಅಂಚಿನ ಪದರ ಎದ್ದು ಹೋಗಿ ರಾಕೆಟ್ಟಿನ ಬುಡಕ್ಕೆ ಬಡಿಯಿತು. ಆಕಾಶಕ್ಕೆ ಹೋಗಬೇಕಾದದ್ದು ಸಮುದ್ರಕ್ಕೆ ಹೋಯಿತು. ಒಳಗೆ ಜನ ಇರಲಿಲ್ಲ, ಅದೊಂದು ಪುಣ್ಯ.

ವಿಚಾರಣೆಗೆ ಇವರನ್ನು ಕರೆದರು. ಗುರುತು ಹಾಕಿದ್ದೆಯಾ ಎಂದು ಕೇಳಿದರು. ಇವರು ಹಾಕಿದ್ದೆ ಎಂದರು. ಹಾಗಾದರೆ ತೇಪೆಯವರಿಗೆ ಯಾಕೆ ಕಾಣಲಿಲ್ಲ ಎಂದರು. ನಾಳೆ ಹೇಳುತ್ತೇನೆ ಎಂದು ಮನೆಗೆ ಬಂದರು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು.

"ತೊಳೆದವರು ಯಾರೇ?"

"ನಾನೇ ರೀ."

ಹೊಸ್ತಿಲನ್ನು ಬೆರಳಿನಿಂದ ಎರಡು ಸಲ ಕುಟ್ಟಿದರು. ಊಟ ಮಾಡಿದರು. ಮಾರನೇ ದಿನ ಹೋಗಿ, ಹಾಕಲು ಮರೆತಿರಬೇಕು ಎಂದು ಹೇಳಿಬಂದರು.

ಗಡಿಯಾರ ಸಾಹೇಬರಿಗೆ ಸತ್ಯ ಗೊತ್ತಿತ್ತು, ಚೌಕ ಸರಿಸಿದ್ದು ಅವರದೇ ಕೈ. ಅವರು ಸುಮ್ಮನಿದ್ದರು. ಮೇಸ್ತ್ರಿಯೂ ಸುಮ್ಮನಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಎಮ್ಮೆಯೇ ಹೋಗಿ ಬೆನ್ನು ಕೊಟ್ಟಿತು, ಅಷ್ಟೇ ಹೊಸದು. ನಾನೂ ಸುಮ್ಮನಿದ್ದೆ. ಬೇರೆಯವರನ್ನು ಬೈಯುವಾಗ ಇದನ್ನು ಬಿಟ್ಟು ಬೈಯಬಾರದು. ಹೊರಗುತ್ತಿಗೆಯ ತೊಳೆಯುವವಳು, ಬಾಯಿ ಬಿಟ್ಟರೆ ಅಂದೇ ಹೊರಗೆ ಎಂದು ಹೆದರಿದೆ. ಹೆದರಿಕೆಗೆ ಗಂಡನನ್ನು ಅಡ್ಡ ಇಟ್ಟುಕೊಂಡೆ.

ಅವರ ಸರಳು ಮನೆಗೆ ಬಂತು. ಅವರನ್ನು ಗೇಟಿನ ಬಳಿ ಸ್ಟೂಲಿನ ಮೇಲೆ ಕೂರಿಸಿ ಕೊರಳಿಗೆ ಸೀಟಿ ಹಾಕಿದರು. ಲಾರಿ ಬಂದರೆ ಊದಬೇಕು. ಕಟ್ಟೆಯ ನೆಲ ನೋಡಲು ಪುಟ್ಟ ಗಾಡಿಯ ಮೇಲೆ ಕ್ಯಾಮೆರಾ ತಂದರು. ಕೀಲಿ ಕೊಟ್ಟ ಬೊಂಬೆಯ ಹಾಗೆ ಅದು ಹೋಗಿ ಬರುತ್ತಿತ್ತು, ಗಡಿಯಾರ ಸಾಹೇಬರು ಕೋಣೆಯಲ್ಲಿ ಕೂತು ನೋಡುತ್ತಿದ್ದರು. ಬೂಟಿಗೆ ಮಸಿ ಇಲ್ಲ.

ಹದಿನಾಲ್ಕು ತಿಂಗಳು ಸೀಟಿ ಊದಿದರು. ಆಮೇಲೆ ಊದಲು ಉಸಿರು ಸಾಲದಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಇವರ ಬೆನ್ನಿನ ಮೇಲೆ ಒಂದು ಬೆರಳಿಟ್ಟು ಇನ್ನೊಂದರಿಂದ ತಟ್ಟುತ್ತಾ ಬಂದರು. ಇವರು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ಡಾಕ್ಟರು ಬಾಯಿ ತೆರೆಯುವ ಮೊದಲೇ ಇವರು ಕೇಳಿದರು.

"ಬಲಗಡೆ ಕೆಳಗೆ ಗಟ್ಟಿ ಬಂತು. ಅಲ್ಲಿ ಟೊಳ್ಳಿರ್ಬೇಕಲ್ವಾ ಡಾಕ್ಟ್ರೇ?"

ಡಾಕ್ಟರು ಹೌದು, ನೀರು ತುಂಬಿದೆ ಎಂದರು. ಇಪ್ಪತ್ತಾರು ವರ್ಷದಲ್ಲಿ ಅವರ ಕೆಲಸವನ್ನು ಗೌರವದಿಂದ ನೋಡಿದ ಓದಿದ ಮನುಷ್ಯ ಆ ಡಾಕ್ಟರು ಒಬ್ಬರೇ. ಐದು ವಾರ ಇದ್ದರು. ಹೋದರು.

ತೇಪೆಯವರಲ್ಲಿ ಹಿರಿಯನೊಬ್ಬನಿದ್ದಾನೆ. ನನ್ನನ್ನು ಅತ್ತಿಗೆ ಎನ್ನುತ್ತಾನೆ. ತಿಂಗಳು ಕಳೆದ ಮೇಲೆ ಬಂದು, ಹೇಳಬೇಕೋ ಬೇಡವೋ ಎಂದು ಲೋಟದ ನೀರು ಮೂರು ಸಲ ಕುಡಿದು ಹೇಳಿದ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಪಾಠ ಮಾಡುತ್ತಾರಂತೆ. ಪರದೆಯ ಮೇಲೆ ಒಡೆದ ಕಟ್ಟೆಯ ಚಿತ್ರ, ಪಕ್ಕದಲ್ಲಿ ನನ್ನ ಗಂಡನ ಫೋಟೊ, ಕೆಳಗೆ 'ಒಬ್ಬ ಮನುಷ್ಯನ ಮರೆವು' ಎಂದು ಬರಹ. ಪ್ರತಿ ಬ್ಯಾಚಿಗೂ ತೋರಿಸುತ್ತಾರಂತೆ. ಸಾಯುವಾಗ ಮೂರು ಸಾಲು ಕೊಟ್ಟವರು ಇದಕ್ಕೆ ಇಡೀ ಪರದೆ ಕೊಟ್ಟಿದ್ದರು. ಫೋಟೊ ಕೂಡ ಆಗ ಸಿಕ್ಕಿತು.

ಮುಂದಿನ ಪಾಠ ಯಾವಾಗ ಎಂದು ಕೇಳಿದೆ. ಸೋಮವಾರ ಎಂದ.

ಸೋಮವಾರ ಸರಳು ಹಿಡಿದುಕೊಂಡು ಹೋದೆ. ಗೇಟಿನವರು ಗುರುತಿನವರು, ಬಿಟ್ಟರು. ಕೋಣೆಯಲ್ಲಿ ಮೂವತ್ತು ಜನ. ಹಿಂದಿನ ಸಾಲಿನಲ್ಲಿ ತೇಪೆಯವನೂ ಬಂದು ಕೂತಿದ್ದ. ಗಡಿಯಾರ ಸಾಹೇಬರೇ ಪಾಠ ಮಾಡುತ್ತಿದ್ದರು. ಪರದೆಯ ಮೇಲೆ ಇವರ ಮುಖ ಬಂತು, ಗುರುತಿನ ಚೀಟಿಯ ಹಳೆಯ ಫೋಟೊ, ಕ್ರಾಪು ಒಂದು ಕಡೆ ಎದ್ದಿತ್ತು. ನಾನು ಬಾಗಿಲಲ್ಲೇ ನಿಂತು ಹೇಳಿದೆ.

"ಇವ್ರು ಮರೀಲಿಲ್ಲ. ಏಳು ಗುರುತಿತ್ತು. ನಾನು ತೊಳ್ದೆ. ತೊಳಿ ಅಂದಿದ್ದು ನಿಮ್ಮ ಪಟ್ಟಿ."

ಸಾಹೇಬರು ಕೈಗಡಿಯಾರ ನೋಡಿದರು. ನಿಮ್ಮ ದುಃಖ ನಮಗೆ ಅರ್ಥವಾಗುತ್ತದೆ ಅಮ್ಮಾ, ಆದರೆ ಈಗ ಅದೆಲ್ಲ ಮುಗಿದ ವಿಷಯ, ಕ್ಯಾಮೆರಾ ಬಂದ ಮೇಲೆ ಐವತ್ತೆರಡು ಸಲ ರಾಕೆಟ್ ಹಾರಿದೆ, ಒಂದು ಚೂರು ಕಾಂಕ್ರೀಟು ಎದ್ದಿಲ್ಲ ಎಂದರು. ಕ್ಯಾಮೆರಾಕ್ಕೆ ಕಿವಿ ಇದೆಯೇ ಎಂದು ಕೇಳಿದೆ. ಯಾರೋ ನಕ್ಕರು. ಆಗ ಹಿಂದಿನ ಸಾಲಿನಲ್ಲಿ ತೇಪೆಯವನು ಎದ್ದು ನಿಂತ. ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ, ಎದುರಿನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ.

"ಕ್ಯಾಮೆರಾ ಅಲ್ಲ ಸಾರ್. ಆವತ್ತಿಂದ ಟೀ ಹೊತ್ನಲ್ಲಿ ನಾವೇ ಕದ್ದು ಕುಟ್ತಿದೀವಿ. ಸುತ್ತಿಗೆ ಹಿಡಿಯೋಕೆ ಕಲಿಸಿದ್ದು ಅಣ್ಣನೇ, ಗೇಟ್ ಹತ್ರ ಸ್ಟೂಲ್ ಮೇಲೆ ಕೂತ್ಕೊಂಡು."

ಇದು ನನಗೂ ಗೊತ್ತಿರಲಿಲ್ಲ. ಹದಿನಾಲ್ಕು ತಿಂಗಳು ಮನೆಗೆ ಬಂದು ಊಟ ಮಾಡಿ ಮಲಗಿದ ಮನುಷ್ಯ ಒಂದು ಮಾತು ಹೇಳಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು, ಈಗ ತೊಳೆಯುವುದು ತೇಪೆಗೆ ಮೊದಲೋ ಆಮೇಲೋ ಎಂದು ಕೇಳಿದಳು. ನೀಲಿ ಚೌಕ ಸಾಹೇಬರ ಹಿಂದೆ ಗೋಡೆಯ ಮೇಲೇ ಇತ್ತು, ಹಳದಿಯ ಮುಂದೆ.

ಮೂವತ್ತು ಜನ ಕೇಳಿದ ಮಾತನ್ನು ಪೈಪು ಹಿಡಿದು ತೊಳೆಯಲಾಗುವುದಿಲ್ಲ. ಎರಡು ವಾರದಲ್ಲಿ ಪಾಠದಿಂದ ಇವರ ಫೋಟೊ ತೆಗೆದರು. ಕ್ಷಮೆ ಕೇಳಲಿಲ್ಲ. ಕೇಳುವ ಜಾತಿಯಲ್ಲ ಅದು. ನನ್ನನ್ನು ಕೆಲಸದಿಂದ ಬಿಡಿಸಿದರು, ಗುರುತು ಅಳಿಸಿದ್ದನ್ನು ನಾನೇ ಒಪ್ಪಿಕೊಂಡೆನಲ್ಲ. ಯಾವುದರಿಂದ ನನ್ನನ್ನು ಉಳಿಸಲು ಅವರು ಮರೆವಿನವರಾದರೋ ಅದು ಕೊನೆಗೆ ಬಂತು. ಬರಲಿ. ಈಗ ತಂಗಿಯ ಮನೆಯ ಹತ್ತಿರ ಒಂದು ಶಾಲೆಯಲ್ಲಿ ನೆಲ ಒರೆಸುತ್ತೇನೆ. ಒರೆಸುವ ಮೊದಲು ನೆಲದ ಮೇಲೆ ಏನಾದರೂ ಬರೆದಿದೆಯೇ ಎಂದು ನೋಡುತ್ತೇನೆ.

ಸರಳನ್ನು ತೇಪೆಯವನಿಗೆ ಕೊಟ್ಟೆ. ಮೊನ್ನೆ ಬಂದಿದ್ದ. ನೀಲಿ ಚೌಕವನ್ನು ಹಳದಿಯ ಹಿಂದೆ ಸರಿಸಿದ್ದಾರಂತೆ, ಅರ್ಧ ದಿನ ಹೆಚ್ಚು ಹಿಡಿಯುತ್ತದಂತೆ. ಕದ್ದು ಕುಟ್ಟುವುದೂ ತಪ್ಪಿತಂತೆ, ಅವನನ್ನೇ ಆ ಕೆಲಸಕ್ಕೆ ಹಾಕಿದ್ದಾರಂತೆ. ಪಟ್ಟಿಯಲ್ಲಿ ಅದಕ್ಕೆ ಹೊಸ ಹೆಸರು ಇಟ್ಟಿದ್ದಾರೆ ಎಂದು ಚೀಟಿ ತೆಗೆದು ಓದಿದ. 'ಧ್ವನಿ ಆಧಾರಿತ ಮೇಲ್ಮೈ ಪರಿಶೀಲನಾ ವಿಧಾನ'. ಗಡಿಯಾರ ಸಾಹೇಬರು ಕಂಡುಹಿಡಿದದ್ದಂತೆ.

ನಮ್ಮ ಮನೆಯವರು ಅದನ್ನು ಕುಟ್ಟುವುದು ಎನ್ನುತ್ತಿದ್ದರು.