ಚಿಕ್ಕಿ ನೋಡಲೊಲ್ಲದ ದಾಳ

ಮೊದಲ ಸಲ ಆಡಲು ಹೋದಾಗ ‘ನಿನ್ನ ಕಳ್ಳ ಅವಿತುಕೊಂಡ’ ಎಂದು ಕಿರಣಣ್ಣ ಹೇಳಿದ್ದೇ ತಡ, ನಾನು ದಾಳ ಹಿಡಿದುಕೊಂಡು ಮೇಜಿನ ಕೆಳಗೆ ತೂರಿದ್ದೆ. ಸದ್ದಾದೀತೆಂದು ಕೆಮ್ಮನ್ನೂ ನುಂಗಿಕೊಂಡಿದ್ದೆ. ಇದು ಕೂತಲ್ಲೇ ಕಥೆ ಕಟ್ಟುವ ಆಟ, ಅವಿತುಕೊಳ್ಳುವುದು ಹಾಳೆಯಲ್ಲಿ ಬರೆದ ಪಾತ್ರ ಮಾತ್ರ ಎಂದು ಹೇಳಿ, ಕಾಲರ್ ಹಿಡಿದು ಹೊರಗೆಳೆದವಳು ಚಿಕ್ಕಿ.

ಚಿಕ್ಕಿ ವೀರನಹೊಸಹಳ್ಳಿ ಕಡೆಯ ಕಾಡಂಚಿನ ಹಾಡಿಯವಳು. ನನಗಿಂತ ಎರಡು ವರ್ಷ ದೊಡ್ಡವಳು. ಹುಣಸೂರಿನಲ್ಲಿ ಹೊಗೆಸೊಪ್ಪು ವಿಂಗಡಿಸುವ ಕೂಲಿ ಮಾಡುತ್ತಾಳೆ. ನಾನು ಮೊಬೈಲ್ ಅಂಗಡಿಯಲ್ಲಿ ಗುಳ್ಳೆ ಬರದಂತೆ ಗಾಜು ಅಂಟಿಸುವವನು, ಗುಳ್ಳೆ ಬರುತ್ತದೆ. ಭಾನುವಾರ ಮಧ್ಯಾಹ್ನ ಕಿರಣ್‌ಕುಮಾರ್ ತನ್ನ ಜೆರಾಕ್ಸ್ ಅಂಗಡಿಯ ಶಟರ್ ಅರ್ಧ ಎಳೆದರೆ ಆಟ ಶುರು. ಕಥೆ ನಡೆಸುವವನು ಅವನೇ. ಎದುರಿಗಿರುವುದು ಕಂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ದೊಡ್ಡ ಅಂಕಿ ಬಿದ್ದರೆ ಕಂಡಂತೆ. ಸಣ್ಣದು ಬಿದ್ದರೆ ಮೂಗಿನ ಮುಂದಿದ್ದರೂ ಕಾಣದು.

ಅದರಲ್ಲೂ ನಾನು ಮೋಸ ಮಾಡುತ್ತಿದ್ದೆ. ನಮ್ಮ ಕಣ್ಣೆದುರೇ ಮೂರು ಬಿದ್ದು, ಕಿರಣಣ್ಣ ‘ಏನೂ ಕಾಣ್ತಿಲ್ಲ’ ಎಂದರೆ ಏನೋ ಇದೆ ಎಂದೇ ಅರ್ಥ. ತಕ್ಷಣ ನನ್ನ ಕಳ್ಳನಿಗೆ ಹೊಟ್ಟೆನೋವು, ಬಾಗಿಲಿಂದಲೇ ವಾಪಸ್.

ಒಂದು ದಿನ ಚಿಕ್ಕಿ ದಾಳ ಕಸಿದುಕೊಂಡಳು.

“ಕಾಡಲ್ಲಿ ಬೆಂಕಿ ಅರಡ್ದಂಗೆ ಫೈರ್‌ಲೈನ್ ಸವರೋಕೆ ಓಗಿದ್ದಾಗ ಲಂಟಾನ ಪೊದೆಯೊಳ್ಗೆ ಆನೆ ನಿಂತಿತ್ತು ಕಣ್ಲಾ, ಹತ್ತೇ ಮಾರು. ಕೊಂಬೆ ಮುರಿದಾಗ್ಲೇ ನಂಗೆ ಗೊತ್ತಾಗಿದ್ದು. ಅದಕ್ ಮುಂಚೆ, ನಿಂಗೆ ಕಾಣ್ತಿಲ್ಲ ಕಣಮ್ಮಿ ಅಂತ ಯಾರ್ ಏಳಿದ್ರು? ಕಿರಣಣ್ಣ, ಇನ್ಮೇಲೆ ನೀನೇ ಮರೇಲಿ ಉರುಳ್ಸು. ನಂಬರ್ ನಮ್ಗೆ ಬ್ಯಾಡ.”

“ನಿನ್ ಪಾತ್ರ ಸತ್ರೆ ಅಳಂಗಿಲ್ಲ,” ಎಂದ ಕಿರಣಣ್ಣ.

“ಉರುಳ್ಸು ಬುಡು.”

ಅವಳ ಪಾತ್ರ ಒಬ್ಬ ಓಲೆಗಾರ್ತಿ. ಚಿಕ್ಕಿ ಎಂಟು ತಿಂಗಳಿಂದ ಸಾಯದಂತೆ ಜೋಪಾನ ಮಾಡಿಕೊಂಡು ಬಂದ ಪಾತ್ರ. ಅಂದು ಕೋಟೆ ಬಾಗಿಲು ದಾಟಬೇಕಿತ್ತು, ಸಿಕ್ಕಿಬಿದ್ದರೆ ಸಾವು. ಕಿರಣಣ್ಣ ಜೆರಾಕ್ಸ್ ಮಷೀನಿನ ಮುಚ್ಚಳ ಎತ್ತಿ, ಅದರ ಹಿಂದೆ ದಾಳ ಉರುಳಿಸಿದ.

“ಬಾಗ್ಲತ್ರ ಯಾರೂ ಕಾಣ್ತಿಲ್ಲ.”

ನಿಜವೋ, ಅಂಕಿ ಸಣ್ಣದೋ? ನಾನಾಗಿದ್ದರೆ ಮತ್ತೆ ಹೊಟ್ಟೆನೋವು.

“ಓಯ್ತೀನಿ,” ಎಂದಳು ಚಿಕ್ಕಿ.

ಕಾವಲುಗಾರನ ಈಟಿ ನೇರ ಎದೆಗೆ. ಕಿರಣಣ್ಣ ಮುಚ್ಚಳ ಇಳಿಸಿ ದಾಳ ತೋರಿಸಿದ: ನಾಲ್ಕು. ಅವನಿಗೇ ಸಂಕಟವಾಯಿತು.

“ಚಿಕ್ಕಿ, ನೀನು ಕಾಡಿನೋಳು, ಕಣ್ಣು ಚುರುಕು. ಅದ್ಕೇಂತ ಹತ್ತು ಸೇರಿಸ್ತೀನಿ, ಬದುಕ್ಕೊಳ್ಲಿ.”

“ಕಾಡಿನೋಳು ನಾನು. ನನ್ ಓಲೆಗಾರ್ತಿ ಪ್ಯಾಟೆಯೋಳು. ಕಾಡು ಅಂತ ಈ ಆಳೇಲಿ ಎಲ್ ಬರ್ದೈತೆ, ತೋರ್ಸು.” ಹಾಳೆಯನ್ನು ಅವನ ಮುಂದೆ ಹಿಡಿದಳು. ಅವನು ಮೇಲಿಂದ ಕೆಳಗೆ ಓದಿದ, ಕಾಡು ಎಲ್ಲೂ ಇರಲಿಲ್ಲ. ಅವಳೇ ಅದನ್ನು ನಾಲ್ಕು ಚೂರು ಮಾಡಿದಳು.

ನನ್ನ ಬಾಯಿ ಸುಮ್ಮನಿರುತ್ತದೆಯೇ? “ನೀನ್ ತಂದ ರೂಲ್ಸೇ ನಿನ್ನ ತಿಂದಾಕ್ತಲ್ಲಕ್ಕ. ಎಂಟ್ ತಿಂಗ್ಳು! ಒಟ್ಟೆ ಉರೀತಿಲ್ವಾ?”

“ಉರೀತೈತೆ. ಆದ್ರೆ ಮುಂಚೇನೇ ನಂಬರ್ ತೋರ್ಸಿದ್ರೆ ಎದ್ದೋಯ್ತೀನಿ. ಒಸಾ ಆಳೆ ಕೊಡು ಕಣ್ಲಾ.”