ಅರಗು ಮೆತ್ತಿದ ಬೋರ್ಡು

ಮೊನ್ನೆ ಚನ್ನಪಟ್ಟಣದಲ್ಲಿ ಬಸ್ಸಿಳಿದು ಗೊಂಬೆ ಮಾಡುವವರ ಬೀದಿಯಲ್ಲಿ ಹೋಗುತ್ತಿದ್ದೆ. ಯಾವುದೋ ಮನೆಯಿಂದ ಅರಗು ಬಿಸಿಯಾಗುವ ವಾಸನೆ ಬಂತು. ಆ ವಾಸನೆಗೆ ನಿಮಗೆ ತೊಟ್ಟಿಲ ಗಿಲಕಿ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಟೀ ಕಂಪನಿಯ ಬೋರ್ಡು, ಜೊತೆಗೆ ನನ್ನ ಜಂಬ.

ನಾನು ಹೈಸ್ಕೂಲು ಮೇಷ್ಟ್ರು. ಹಳೇ ಅಂಗಡಿಗಳ ಎನಾಮಲ್ ಬೋರ್ಡು ಕೂಡಿಹಾಕುವ ಹುಚ್ಚು ನನಗಿತ್ತು. ಸೋಪು, ಬೀಡಿ, ಬೆಂಕಿಪೆಟ್ಟಿಗೆ ಎಲ್ಲದರ ಜಾಹೀರಾತುಗಳೂ ನಮ್ಮ ಗೋಡೆಯ ಮೇಲಿದ್ದವು. "ನಮ್ದು ಮನೆಯಲ್ಲ, ಅಂಗಡಿ ಸಾಲು" ಎಂದು ನನ್ನಾಕೆ ನೆಂಟರಿಗೆ ಪರಿಚಯಿಸುತ್ತಿದ್ದಳು. ಬಿಡದಿ ಕಡೆ ಕಾರ್ಖಾನೆಗಳೆದ್ದು, ರಸ್ತೆ ಅಗಲವಾಗಿ, ಹೈವೇ ಹೋಟೆಲುಗಳಿಗೆಲ್ಲ ಹಳೇ ಕಾಲದ ಅಲಂಕಾರ ಬೇಕೆನಿಸಿದ ವರ್ಷಗಳವು. ನಕಲಿ ಬೋರ್ಡುಗಳು ರಾಶಿ ರಾಶಿ ಬರತೊಡಗಿದವು. ಅಸಲಿ ಯಾವುದೆಂದು ಹೇಳಬಲ್ಲವನು ಈ ಸೀಮೆಗೆ ನಾನೊಬ್ಬನೇ ಎಂದು ನಾನೇ ನಂಬಿದ್ದೆ.

ಅದೇನೂ ಮಹಾ ವಿದ್ಯೆಯಲ್ಲ. ಅಸಲಿಯಲ್ಲಿ ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಬೆಂಕಿಯಲ್ಲಿ ಸುಟ್ಟಿರುತ್ತಾರೆ, ಬೆರಳಾಡಿಸಿದರೆ ಅಕ್ಷರ ಉಬ್ಬಿದ್ದು ತಿಳಿಯುತ್ತದೆ. ಉಗುರಿಗೆ ಗೀರು ಬೀಳುವುದಿಲ್ಲ. ಮೊಳೆಯ ತೂತಿನ ಸುತ್ತ ಲೇಪ ಚಕ್ಕೆಯೆದ್ದು ತುಕ್ಕು ಕಾಣುತ್ತದೆ. ಇಷ್ಟೇ.

ಚಿಕ್ಕಣ್ಣನವರದು ಹೈವೇ ಪಕ್ಕದ ದಿನಸಿ ಅಂಗಡಿ. ರಸ್ತೆಗೆಂದು ಮುಂಭಾಗ ಒಡೆದಾಗ ಹಿಂದಕ್ಕೆ ಹೊಸದು ಕಟ್ಟಿಸಿದರು. ಹಳೇ ಬಾಗಿಲ ಮೇಲಿದ್ದ ಟೀ ಕಂಪನಿಯ ನೀಲಿ ಬೋರ್ಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಒಂದು ಭಾನುವಾರ ನಮ್ಮ ಮನೆಗೆ ಬಂದರು.

"ತೂಕದಲ್ಲಿ ಒಂದಿನಾನೂ ಮೋಸ ಮಾಡ್ಲಿಲ್ಲ ಅಂತ ಕಂಪ್ನಿಯೋರೇ ಬಂದು ನಮ್ಮಪ್ಪಂಗೆ ಕೊಟ್ರಂತೆ ಮೇಷ್ಟ್ರೇ. ನಮ್ ಅಳೀಮಯ್ಯ ನಗ್ತಾನೆ, ಎಲ್ಲಾ ಕಟ್ಟುಕತೆ ಅಂತಾನೆ. ನೀವು ಒಸಿ ನೋಡಿ ಯೋಳಿ. ದಿಟ ಆದ್ರೆ ಹೊಸ ಬಾಗ್ಲ ಮ್ಯಾಲೆ ಹಾಕ್ತೀನಿ."

ಇಬ್ಬರು ಸಹೋದ್ಯೋಗಿಗಳು ಕಾಫಿಗೆ ಬಂದಿದ್ದರು. ಅವರ ಮುಂದೆ ಬುದ್ಧಿವಂತಿಕೆ ತೋರಿಸುವ ಚಪಲ ನನಗೆ. ತೂತುಗಳ ಸುತ್ತ ನೋಡಿದೆ. ತುಕ್ಕಿಲ್ಲ, ನುಣ್ಣಗೆ ನೀಲಿ. ಅಲ್ಲೇ ಉಗುರಿನಿಂದ ಕೆರೆದೆ, ಗೀರು ಬಿತ್ತು. ಅಕ್ಷರದ ಮೇಲೆ ಬೆರಳಾಡಿಸುವ ತಾಳ್ಮೆ ಯಾರಿಗಿತ್ತು?

"ಇದು ಕಂಪನೀದಲ್ಲ ಚಿಕ್ಕಣ್ಣನವ್ರೇ. ನಿಮ್ಮಪ್ಪ ಯಾರೋ ಪೇಂಟರ್ ಕೈಲಿ ಬರೆಸಿರ್ಬೇಕು," ಎಂದೆ. ಸಹೋದ್ಯೋಗಿಗಳು ನಕ್ಕರು. ನಾನೂ ನಕ್ಕೆ.

ಚಿಕ್ಕಣ್ಣ ವಾದಿಸಲಿಲ್ಲ. "ಮೇಷ್ಟ್ರು ಯೋಳಿದ್ ಮ್ಯಾಲೆ ಮುಗೀತು," ಎಂದು ಬೋರ್ಡನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋದರು.

ಮೂರು ವರ್ಷದ ಮೇಲೆ ಗೊಂಬೆ ಕೊಳ್ಳಲು ಅದೇ ಬೀದಿಯಲ್ಲಿ ಗೊಂಬೆ ಮಾಡುವ ಪಾಷಾ ಸಾಹೇಬರ ಮನೆಗೆ ಹೋಗಿದ್ದೆ. ಅವರು ಚಕ್ಕೆಯೆದ್ದ ಎನಾಮಲ್ ಬೋಗುಣಿಯನ್ನು ಬಿಸಿ ಮಾಡಿ, ಕಿತ್ತುಹೋದ ಕಡೆ ಬಣ್ಣದ ಅರಗು ಮೆತ್ತಿ ಉಜ್ಜುತ್ತಿದ್ದರು. ಇದೇನೆಂದು ಕೇಳಿದೆ.

"ತುಕ್ಕು ಇಡೀಬಾರ್ದು ಅಂತ ಸಾರ್. ನಮ್ ಅಬ್ಬಾ ಎನಾಮಲ್ ಎದ್ದೋದ ಅಂಗ್ಡಿ ಬೋರ್ಡ್‌ಗೂ ಇಂಗೇ ಆಕೋರು. ಚಿಕ್ಕಣ್ಣನೋರ ತಂದೆ ಆಯುಧಪೂಜೆ ಬಂತು ಅಂದ್ರೆ ಬೋರ್ಡ್ ಒತ್ಕೊಂಡ್ ಬತ್ತಿದ್ರು."

ನಾನು ಕೆರೆದು ನೋಡಿದ್ದು ಬೋರ್ಡನ್ನಲ್ಲ, ತೂತಿನ ಸುತ್ತ ಮೆತ್ತಿದ್ದ ಅರಗಿನ ತೇಪೆಯನ್ನು. ಗೊಂಬೆ ಅಲ್ಲೇ ಬಿಟ್ಟು ಚಿಕ್ಕಣ್ಣನವರ ಅಂಗಡಿಗೆ ಹೋದೆ. ತಪ್ಪಾಯಿತು, ಬೋರ್ಡು ಅಸಲಿಯೇ, ಎಲ್ಲಿದೆ ಎಂದೆ.

"ಗುಜರಿಗೆ ಹಾಕ್ಬುಟ್ಟೆ," ಎಂದರು. ತಕ್ಕಡಿ ತಟ್ಟೆ ಒರೆಸುತ್ತಾ ಮತ್ತೆ ಹೇಳಿದರು: "ಅದು ಹೋದ್ರೆ ಹೋಗ್ಲಿ ಬುಡಿ. ನಮ್ಮವ್ವ ಸಾಯೋ ಮುಂಚೆ ಬೋರ್ಡ್ ಎಲ್ಲಿ ಮಗ ಅಂದ್ಲು. ನಿನ್ ಗಂಡ ಸುಳ್ಳ ಕಣವ್ವ ಅಂದ್ಬುಟ್ಟೆ. ಅದ್ನ ಈಗ ಯಾರ್‌ತವ ಹೋಗಿ ಸರಿಮಾಡ್ಲಿ ಮೇಷ್ಟ್ರೇ?"

ಮನೆಗೆ ಬಂದವನು ಗೋಡೆಯ ಬೋರ್ಡುಗಳನ್ನೆಲ್ಲ ಕೇಳಿದವರಿಗೆ ಕೊಟ್ಟುಬಿಟ್ಟೆ. ಅಸಲಿಯೋ ನಕಲಿಯೋ ನೋಡಿ ಎಂದು ಯಾರಾದರೂ ಬಂದರೆ ನನಗೆ ಗೊತ್ತಾಗುವುದಿಲ್ಲ ಎನ್ನುತ್ತೇನೆ.

ಮೊನ್ನೆ ಆ ಬೀದಿ ದಾಟಿ ಅವರ ಅಂಗಡಿಗೇ ಹೋದೆ. ಕಾಲು ಕೆಜಿ ಟೀ ಪುಡಿ ಕೇಳಿದೆ. ಚಿಕ್ಕಣ್ಣ ತೂಗಿ, "ಸರಿಯಾಗೈತಾ ನೋಡ್ಕಳಿ ಮೇಷ್ಟ್ರೇ" ಎಂದರು. ಬಂದವರಿಗೆಲ್ಲ ಅವರು ಹೇಳುವ ಮಾತೇ ಅದು. ತಕ್ಕಡಿಯ ಕಡೆ ಕಣ್ಣೆತ್ತಿ ನೋಡಲು ನನ್ನಿಂದಾಗಲಿಲ್ಲ.