ಟೋಗೋದ ಎರಡು ಕಾರಾಗಳು

ಅಕ್ಕ ಸಿಂಗಾಪುರದಲ್ಲಿ ಗೋಡಂಬಿ ವ್ಯಾಪಾರದ ಒಂದು ಕಂಪನಿಯಲ್ಲಿದ್ದಳು. ಸುಗ್ಗಿಯ ಹೊತ್ತಿಗೆ ಮಾಲು ನೋಡಲು ಪಶ್ಚಿಮ ಆಫ್ರಿಕಾದ ಟೋಗೋಗೆ ಹೋಗುತ್ತಿದ್ದಳು. ಆ ಸಲ ಹೋದವಳು ಕೆಲವು ದಿನ ಫೋನ್ ತೆಗೆಯಲೇ ಇಲ್ಲ. ನಾನು ಸಿಂಗಾಪುರದ ವುಡ್‌ಲ್ಯಾಂಡ್ಸ್ ಬಡಾವಣೆಯ ಮನೆಯಲ್ಲಿ ಕೂತು ಆಫೀಸ್ ಕೆಲಸ ಮಾಡುತ್ತಿದ್ದೆ, ಮಧ್ಯಾಹ್ನ ಅವಳ ನಂಬರಿನಿಂದ ಕರೆ ಬಂತು. ಮಾತಾಡಿದ್ದು ಅವಳ ಡ್ರೈವರ್.

"ಮೇಡಂ ಫೀವರ್. ಹಾಸ್ಪಿಟಲ್. ಕಾರಾ."

ಲೈನ್ ಕಟ್ಟಾಯಿತು. ಆಮೇಲೆ ಆ ಫೋನು ಸ್ವಿಚ್ ಆಫ್.

ಮ್ಯಾಪಿನಲ್ಲಿ ಕಾರಾ ಅನ್ನೋ ಊರು ಸಿಕ್ಕಿತು. ಅಲ್ಲಿನ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡಿದೆ. ಅವರದು ಫ್ರೆಂಚ್. ಅಕ್ಕನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿದೆ. ಇಲ್ಲ ಅನ್ನೋದೊಂದೇ ನನಗೆ ಅರ್ಥವಾದ ಮಾತು. ಕೊನೆಗೆ ರಾಜಧಾನಿ ಲೋಮೆಯಲ್ಲಿರುವ, ಅಕ್ಕನ ಕಂಪನಿಯ ಆಫೀಸಿನ ಮ್ಯಾನೇಜರ್ ಸಿಕ್ಕರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು.

"ಇಲ್ಲಿ ಐದು ಪ್ರಾಂತ್ಯಗಳಿವೆ. ಅದರಲ್ಲಿ ಒಂದರ ಹೆಸರೂ ಕಾರಾನೇ," ಅಂದರು. "ಡ್ರೈವರ್ ಹೇಳಿದ್ದು ಊರೋ, ಪ್ರಾಂತ್ಯವೋ?"

ಮೈಸೂರು ಜಿಲ್ಲೆ ಅಂದದ್ದನ್ನು ಮೈಸೂರು ಊರು ಅಂದುಕೊಂಡು, ಹುಣಸೂರಲ್ಲಿ ಮಲಗಿದವಳನ್ನು ಮೈಸೂರಲ್ಲಿ ಹುಡುಕಿದ ಹಾಗೆ ಆಯಿತಾ? ಪ್ರಾಂತ್ಯದ ಬೇರೆ ಊರುಗಳಲ್ಲಿ ವಿಚಾರಿಸುತ್ತೇನೆ ಅಂದು ಅವರು ಫೋನ್ ಇಟ್ಟರು.

ಮನೆಯಲ್ಲಿ ಕೂರಲಾಗದೆ ಕೆಳಗೆ, ಕಟ್ಟಡದ ತಳದ ತೆರೆದ ಜಾಗವಾದ ವಾಯ್ಡ್ ಡೆಕ್ಕಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂತೆ. ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ಫೋನ್.

"ನಿಮ್ಮಕ್ಕ ಯಾಕೋ ಫೋನೇ ಎತ್ತುತ್ತಿಲ್ಲ ಕಣೋ."

"ಅಲ್ಲಿ ನೆಟ್‌ವರ್ಕ್ ಸಿಗಲ್ಲಮ್ಮ," ಅಂದೆ. ಆಫೀಸ್ ಕರೆ ಬರುತ್ತಿದೆ ಅಂತ ಫೋನ್ ಇಟ್ಟುಬಿಟ್ಟೆ.

ಕತ್ತಲಾಗೋ ಹೊತ್ತಿಗೆ ಮ್ಯಾನೇಜರ್ ಕರೆ ಮಾಡಿದರು. ಅಕ್ಕ ಅದೇ ಪ್ರಾಂತ್ಯದ ಬಸ್ಸಾರ್ ಅನ್ನೋ ಊರಲ್ಲಿದ್ದಳು. ಮಲೇರಿಯಾ ಮಿದುಳಿಗೆ ಏರಿತ್ತು, ಪ್ರಜ್ಞೆ ಇರಲಿಲ್ಲ. ಮ್ಯಾನೇಜರ್ ಅಲ್ಲಿನ ಆಸ್ಪತ್ರೆಗೆ ಲೈನ್ ಜೋಡಿಸಿಕೊಟ್ಟರು, ಒಬ್ಬ ನರ್ಸ್ ಅವಳ ಕಿವಿಗೆ ಫೋನ್ ಹಿಡಿದರು.

"ಅಕ್ಕಾ, ನಾನು ಕಣೇ."

ಆ ಕಡೆಯಿಂದ ಗರಗರ ಉಸಿರು ಮಾತ್ರ ಕೇಳಿಸಿತು. ನಾನು ಏನೇನೋ ಹೇಳುತ್ತಲೇ ಇದ್ದೆ. ನರ್ಸ್ ಫೋನ್ ತೆಗೆದುಕೊಂಡದ್ದೂ ಗೊತ್ತಾಗಲಿಲ್ಲ.

ಅವಳು ಬದುಕಿದಳು. ಲೋಮೆಗೆ ಸಾಗಿಸಿ ಚಿಕಿತ್ಸೆ ಕೊಡಿಸಿ, ಕಂಪನಿಯವರು ಜೊತೆಗೊಬ್ಬರನ್ನು ಕೊಟ್ಟು ಸಿಂಗಾಪುರಕ್ಕೆ ಕಳಿಸಿದರು. ಚಾಂಗಿ ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿಯಲ್ಲಿ ಬಂದವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ನಾನು ಮುಂದೆ ಹೋಗಿ ಬಗ್ಗಿದೆ. ನನ್ನ ಮುಖವನ್ನೇ ನೋಡಿ, ತುಂಬ ಮರ್ಯಾದೆಯಿಂದ ಕೇಳಿದಳು:

"ನೀವು ಆಫೀಸಿನವರಾ?"

ಹುಟ್ಟಿದಾಗಿನಿಂದ ನನ್ನನ್ನು ಎತ್ತಿ ಆಡಿಸಿದವಳು. ನಾನು ಅವಳ ಬ್ಯಾಗ್ ಎತ್ತಿಕೊಂಡೆ. ಜ್ವರದಲ್ಲಿ ಅಳಿಸಿಹೋದ ಗುರುತು ಮರಳಲು ವಾರಗಳೇ ಹಿಡಿದವು. ಅಷ್ಟರೊಳಗೆ ಅಮ್ಮನಿಗೆ ಎಲ್ಲವನ್ನೂ ಹೇಳದೆ ಬೇರೆ ದಾರಿ ಉಳಿದಿರಲಿಲ್ಲ.